ಸ್ಟೆಂಟ್ ಹಾಕಿದ ಮೇಲೂ ಮಾತ್ರೆ ಯಾಕೆ ಬಿಡಬಾರದು? ರಕ್ತನಾಳದೊಳಗಿನ ‘ಮೈಕ್ರೋ ಆರ್‌ಎನ್‌ಎ’ ಹೇಳುವ ಉತ್ತರ

“ಬ್ಲಾಕ್ ತೆಗೆಸಿಕೊಂಡು ಬಂದಾಯ್ತಲ್ಲ, ಈಗ ಆರಾಮಾಗಿದೀನಿ. ಇನ್ನೂ ಯಾಕ್ರೀ ಈ ಮಾತ್ರೆ?”

ಸ್ಟೆಂಟ್ ಹಾಕಿಸಿಕೊಂಡು ಮೂರ್ನಾಲ್ಕು ತಿಂಗಳು ಕಳೆದವರ ಬಾಯಲ್ಲಿ ಈ ಮಾತು ಅಂಗಡಿ ಬೀದಿಯಲ್ಲಿ, ಬಸ್ ಸ್ಟ್ಯಾಂಡ್ ಹೋಟೆಲಿನಲ್ಲಿ ಆಗಾಗ ಕೇಳಿಬರುತ್ತದೆ. ಎದೆನೋವು ಹೋಗಿರುತ್ತೆ. ಅಂಗಡಿ ಬಾಗಿಲು ಮತ್ತೆ ತೆಗೆದಿರುತ್ತಾರೆ. ಮಾತ್ರೆಯ ಖರ್ಚು ಮಾತ್ರ ತಿಂಗಳು ತಿಂಗಳು ಬರುತ್ತಲೇ ಇರುತ್ತೆ. ಕೆಲವರು ಡಾಕ್ಟರಿಗೂ ಹೇಳದೆ, ಮನೆಯವರಿಗೂ ಹೇಳದೆ ನಿಲ್ಲಿಸಿಬಿಡುತ್ತಾರೆ.

ಸ್ಟೆಂಟ್ ಹಾಕಿಸಿಕೊಂಡವರು ಮಾಡಬಹುದಾದ ದೊಡ್ಡ ತಪ್ಪುಗಳಲ್ಲಿ ಇದೂ ಒಂದು. ಅದು ಯಾಕೆ ತಪ್ಪು ಅಂತ ತಿಳಿಯಬೇಕಾದರೆ ರಕ್ತನಾಳದ ಒಳಗೆ ಏನು ನಡೆಯುತ್ತದೆ ಅನ್ನೋದನ್ನು ನೋಡಬೇಕು. ಅಲ್ಲಿ ಕೆಲಸ ಮಾಡುವ ಅತಿ ಸಣ್ಣ ನಿಯಂತ್ರಕಗಳೇ ಮೈಕ್ರೋ ಆರ್‌ಎನ್‌ಎಗಳು. 2024ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಬಂದಿದ್ದು ಇವುಗಳನ್ನು ಕಂಡುಹಿಡಿದಿದ್ದಕ್ಕೇ.

ರಕ್ತನಾಳ ಅಂದ್ರೆ ಬರೀ ಪೈಪ್ ಅಲ್ಲ

ಹೃದಯದ ರಕ್ತನಾಳವನ್ನು ನಾವೆಲ್ಲ ಪೈಪಿಗೆ ಹೋಲಿಸುತ್ತೇವೆ. ಬ್ಲಾಕ್ ಆಯ್ತು, ಕ್ಲೀನ್ ಮಾಡಿದ್ರು, ಮುಗೀತು ಅಂದುಕೊಳ್ಳುತ್ತೇವೆ. ಆದರೆ ಪೈಪಿಗೆ ಜೀವ ಇಲ್ಲ, ರಕ್ತನಾಳದ ಗೋಡೆಗೆ ಜೀವ ಇದೆ.

ಆ ಗೋಡೆಯಲ್ಲಿ ಮುಖ್ಯವಾಗಿ ಎರಡು ಬಗೆಯ ಜೀವಕೋಶಗಳಿವೆ. ರಕ್ತಕ್ಕೆ ತಾಗಿಕೊಂಡಿರುವುದು ಒಳಪದರ. ವೈದ್ಯರು ಇದನ್ನು ಎಂಡೋಥೀಲಿಯಂ ಅನ್ನುತ್ತಾರೆ. ಒಂದೇ ಒಂದು ಕೋಶದಷ್ಟು ದಪ್ಪ, ನೆಲಕ್ಕೆ ಟೈಲ್ಸ್ ಹಾಸಿದ ಹಾಗೆ. ಈ ಪದರ ಸರಿಯಿದ್ದರೆ ರಕ್ತ ಗೋಡೆಗೆ ಅಂಟಿಕೊಳ್ಳೋದಿಲ್ಲ, ಹೆಪ್ಪುಗಟ್ಟೋದಿಲ್ಲ. ಯಾಕೆಂದರೆ ಹೆಪ್ಪುಗಟ್ಟುವುದನ್ನು ತಡೆಯುವ ನೈಟ್ರಿಕ್ ಆಕ್ಸೈಡ್‌ನಂಥ ವಸ್ತುಗಳನ್ನು ಈ ಕೋಶಗಳೇ ತಯಾರಿಸುತ್ತವೆ.

ಅದರ ಹಿಂದೆ ಇರೋದು ಸ್ನಾಯು ಕೋಶಗಳ ಪದರ. ರಕ್ತನಾಳವನ್ನು ಹಿಗ್ಗಿಸೋದು, ಕುಗ್ಗಿಸೋದು ಇವುಗಳ ಕೆಲಸ. ಆರೋಗ್ಯವಂತ ನಾಳದಲ್ಲಿ ಈ ಸ್ನಾಯು ಕೋಶಗಳು ತಮ್ಮ ಪಾಡಿಗೆ ಶಾಂತವಾಗಿರುತ್ತವೆ. ಗೋಡೆಗೆ ಗಾಯವಾದರೆ ಮಾತ್ರ ಸ್ವಭಾವ ಬದಲಿಸುತ್ತವೆ. ಹಿಗ್ಗಿ ಕುಗ್ಗುವ ಕೆಲಸ ಬಿಟ್ಟು ಸಂಖ್ಯೆ ಹೆಚ್ಚಿಸಿಕೊಳ್ಳುತ್ತಾ ಒಳಗಡೆ ಬೆಳೆಯತೊಡಗುತ್ತವೆ. ನಾಳ ಮತ್ತೆ ಕಿರಿದಾಗುತ್ತದೆ.

ಹೃದಯದ ಮುಖ್ಯ ರಕ್ತನಾಳಗಳ ಅಗಲವೇ ಮೂರ್ನಾಲ್ಕು ಮಿಲಿಮೀಟರ್ ಆಸುಪಾಸು. ಅದರಲ್ಲಿ ಸ್ವಲ್ಪ ಬೆಳೆದರೂ ತೊಂದರೆಯೇ.

ಆರ್ಡರ್ ಚೀಟಿ ತಡೆಯುವ ಗುಮಾಸ್ತ

ಈಗ ಒಂದು ಪ್ರಶ್ನೆ. ನಮ್ಮ ದೇಹದ ಹೆಚ್ಚುಕಡಿಮೆ ಎಲ್ಲ ಕೋಶಗಳಲ್ಲೂ ಇರೋದು ಒಂದೇ ಡಿಎನ್‌ಎ. ಹಾಗಿದ್ದರೆ ಒಂದು ಕೋಶ ಒಳಪದರದ ಟೈಲ್ಸ್ ಆಗಿ, ಪಕ್ಕದ್ದು ಸ್ನಾಯುವಾಗಿ ಇರೋದು ಹೇಗೆ?

ಅಂಗಡಿಯ ಲೆಕ್ಕದಲ್ಲೇ ಹೇಳೋಣ. ದೊಡ್ಡ ಅಂಗಡಿಯೊಂದರಲ್ಲಿ ಒಂದು ದಪ್ಪ ಖಾತೆ ಪುಸ್ತಕ ಇದೆ. ಅದು ಗಲ್ಲಾದ ಹತ್ತಿರವೇ ಇರುತ್ತೆ, ಹೊರಗೆ ಕೊಡಲ್ಲ. ಸಾಮಾನು ಬೇಕಾದಾಗ ಅದನ್ನು ನೋಡಿ ಒಂದು ಆರ್ಡರ್ ಚೀಟಿ ಬರೆದು ಗೋಡೌನ್‌ಗೆ ಕಳಿಸುತ್ತಾರೆ. ಚೀಟಿ ನೋಡಿ ಅಲ್ಲಿಂದ ಸಾಮಾನು ಬರುತ್ತೆ. ನಮ್ಮ ಕೋಶದಲ್ಲಿ ಖಾತೆ ಪುಸ್ತಕ ಅಂದರೆ ಡಿಎನ್‌ಎ, ಚೀಟಿ ಅಂದರೆ ಸಂದೇಶವಾಹಕ ಆರ್‌ಎನ್‌ಎ, ಸಾಮಾನು ಅಂದರೆ ಪ್ರೋಟೀನ್. ಕೋಶದ ಕೆಲಸವನ್ನೆಲ್ಲ ಮಾಡೋದು ಪ್ರೋಟೀನೇ.

ಮೈಕ್ರೋ ಆರ್‌ಎನ್‌ಎ ಈ ನಡುದಾರಿಯಲ್ಲಿ ನಿಂತ ಗುಮಾಸ್ತ. ತನಗೆ ಹೊಂದುವ ಚೀಟಿ ಕಂಡರೆ ಅದಕ್ಕೆ ಅಂಟಿಕೊಂಡು ತಡೆಯುತ್ತೆ, ಇಲ್ಲವೇ ಚೀಟಿಯೇ ನಾಶವಾಗುವ ಹಾಗೆ ಮಾಡುತ್ತೆ. ಸಾಮಾನು ಕಡಿಮೆ ಬರುತ್ತೆ. ಒಂದು ಮೈಕ್ರೋ ಆರ್‌ಎನ್‌ಎಯ ಉದ್ದ ಸುಮಾರು 22 ಅಕ್ಷರ ಮಾತ್ರ. ಅದು ತಡೆಯುವ ಚೀಟಿ ಸಾವಿರಾರು ಅಕ್ಷರ ಉದ್ದ ಇರಬಹುದು. ಮನುಷ್ಯರಲ್ಲಿ ಇಂಥ ಮೈಕ್ರೋ ಆರ್‌ಎನ್‌ಎಗಳು ಸಾವಿರಕ್ಕೂ ಹೆಚ್ಚಿವೆ. ಒಂದೊಂದೂ ಹತ್ತಾರು, ಕೆಲವೊಮ್ಮೆ ನೂರಾರು ಬಗೆಯ ಚೀಟಿಗಳ ಮೇಲೆ ಕಣ್ಣಿಟ್ಟಿರುತ್ತೆ.

ಇದು ಮೊದಲು ಪತ್ತೆಯಾಗಿದ್ದು ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ. 1993ರಲ್ಲಿ ಅಮೆರಿಕದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರ ತಂಡಗಳು ಇದನ್ನು ಪ್ರಕಟಿಸಿದಾಗ ಯಾರೂ ಅಷ್ಟಾಗಿ ಗಮನ ಕೊಡಲಿಲ್ಲ. ಹುಳುವಿನ ವಿಚಿತ್ರ ಅಂತ ಬಿಟ್ಟರು. 2000ದಲ್ಲಿ ರವ್ಕುನ್ ತಂಡ ಕಂಡುಹಿಡಿದ ಎರಡನೇ ಮೈಕ್ರೋ ಆರ್‌ಎನ್‌ಎ ಮನುಷ್ಯರಲ್ಲೂ ಇದೆ ಅಂತ ಗೊತ್ತಾದ ಮೇಲೆ ಪ್ರಪಂಚ ತಿರುಗಿ ನೋಡಿತು. 2024ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

126, 145, 21: ಮೂರು ನಂಬರ್ ನೆನಪಿಡಿ

ಮೈಕ್ರೋ ಆರ್‌ಎನ್‌ಎಗಳಿಗೆ ಹೆಸರಿನ ಬದಲು ನಂಬರ್ ಕೊಡುತ್ತಾರೆ. ರಕ್ತನಾಳದ ವಿಷಯದಲ್ಲಿ ಮೂರು ನಂಬರ್ ಗೊತ್ತಿದ್ದರೆ ಸಾಕು.

ಮೊದಲನೆಯದು 126. ಇದು ಹೇರಳವಾಗಿ ಇರೋದು ಒಳಪದರದ ಕೋಶಗಳಲ್ಲಿ. ಸ್ನಾಯು ಕೋಶಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. 2008ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಎರಿಕ್ ಓಲ್ಸನ್ ಅವರ ತಂಡ 126 ಇಲ್ಲದ ಇಲಿಗಳನ್ನು ಬೆಳೆಸಿ ನೋಡಿತು. ಅವುಗಳ ರಕ್ತನಾಳಗಳು ಸೋರುತ್ತಿದ್ದವು, ಒಳಗೇ ರಕ್ತಸ್ರಾವ ಆಗುತ್ತಿತ್ತು. ಎಷ್ಟೋ ಮರಿಗಳು ಹುಟ್ಟುವ ಮೊದಲೇ ಸತ್ತವು. ಒಳಪದರ ಗಟ್ಟಿಯಾಗಿರಲು, ಗಾಯವಾದಾಗ ಮತ್ತೆ ಬೆಳೆಯಲು 126 ಬೇಕು ಅಂತ ಇದರಿಂದ ತಿಳಿಯಿತು. ಬಿಳಿ ರಕ್ತಕಣಗಳು ಗೋಡೆಗೆ ಅಂಟಿಕೊಳ್ಳುವಂತೆ ಮಾಡುವ ಒಂದು ಪ್ರೋಟೀನನ್ನೂ ಇದು ಹತೋಟಿಯಲ್ಲಿಡುತ್ತದೆ. ಆ ಅಂಟುವಿಕೆಯೇ ಬ್ಲಾಕ್ ಶುರುವಾಗುವ ಮೊದಲ ಹಂತಗಳಲ್ಲಿ ಒಂದು.

ಎರಡನೆಯದು 145. ಇದರ ಜೊತೆಗಾರ 143. ಇವು ಸ್ನಾಯು ಕೋಶಗಳಲ್ಲಿ ಹೆಚ್ಚು. ಸ್ನಾಯು ಕೋಶ ಸ್ನಾಯುವಾಗಿಯೇ ಇರಲಿ, ಸುಮ್ಮನೆ ಸಂಖ್ಯೆ ಹೆಚ್ಚಿಸದಿರಲಿ ಅಂತ ನೋಡಿಕೊಳ್ಳುವುದು ಇವುಗಳ ಕೆಲಸ. ನಾಳಕ್ಕೆ ಗಾಯವಾದಾಗ 145 ಕುಸಿಯುತ್ತೆ.

ಮೂರನೆಯದು 21. ಇದು ಉಲ್ಟಾ. ಇಲಿಗಳ ಕುತ್ತಿಗೆಯ ರಕ್ತನಾಳದಲ್ಲಿ ಬಲೂನ್ ಉಬ್ಬಿಸಿ ಗಾಯ ಮಾಡಿದಾಗ 21 ಏರಿತು ಅಂತ 2007ರಲ್ಲಿ ಪ್ರಕಟವಾಯಿತು. ಅದನ್ನು ತಡೆದಾಗ ಸ್ನಾಯು ಕೋಶಗಳ ಬೆಳವಣಿಗೆಯೂ ಕಡಿಮೆಯಾಯಿತು.

ಇನ್ನೊಂದು ಸ್ವಾರಸ್ಯ. ಒಳಪದರ ಮತ್ತು ಸ್ನಾಯು ಕೋಶಗಳು ಅಕ್ಕಪಕ್ಕದ ಅಂಗಡಿಯವರ ಹಾಗೆ ಮಾತಾಡಿಕೊಳ್ಳುತ್ತವೆ. ರಕ್ತ ಸಲೀಸಾಗಿ ಹರಿಯುತ್ತಿದ್ದರೆ ಒಳಪದರದ ಕೋಶಗಳು 143 ಮತ್ತು 145ನ್ನು ಸಣ್ಣ ಸಣ್ಣ ಗುಳ್ಳೆಗಳಲ್ಲಿ ತುಂಬಿ ಹಿಂದಿನ ಸ್ನಾಯು ಕೋಶಗಳಿಗೆ ಕಳಿಸುತ್ತವೆ ಅಂತ 2012ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ತಂಡ ತೋರಿಸಿತು. ‘ನಾನಿಲ್ಲಿ ಇದ್ದೀನಿ, ನೀನು ಸುಮ್ನಿರು’ ಅನ್ನೋ ಸಂದೇಶ ಅದು. ಒಳಪದರವೇ ಕಿತ್ತುಹೋದರೆ ಈ ಮಾತು ಹೇಳೋರು ಯಾರು?

ಸ್ಟೆಂಟ್ ಹಾಕಿದಾಗ ಆಗೋದೇನು?

ಹೃದಯದ ರಕ್ತನಾಳವನ್ನು ಬಲೂನಿನಿಂದ ಅಗಲಿಸುವ ಚಿಕಿತ್ಸೆಯನ್ನು ಮೊದಲು ಮಾಡಿದ್ದು 1977ರ ಸೆಪ್ಟೆಂಬರ್‌ನಲ್ಲಿ, ಸ್ವಿಟ್ಜರ್‌ಲೆಂಡ್‌ನ ಜ್ಯೂರಿಕ್‌ನಲ್ಲಿ. ಮಾಡಿದವರು ಡಾ. ಆಂಡ್ರಿಯಾಸ್ ಗ್ರುಂಟ್ಸಿಗ್. ಆಪರೇಷನ್ ಇಲ್ಲದೇ ಬ್ಲಾಕ್ ತೆಗೆಯುವ ದಾರಿ ತೆರೆಯಿತು. ಆದರೆ ಬಲೂನ್ ಉಬ್ಬಿದಾಗ ಒಳಪದರದ ಟೈಲ್ಸ್ ಕಿತ್ತುಬರುತ್ತೆ, ಗೋಡೆ ಬಿರಿಯುತ್ತೆ. ಬರೀ ಬಲೂನ್ ಮಾಡಿದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಕೆಲವೇ ತಿಂಗಳಲ್ಲಿ ನಾಳ ಮತ್ತೆ ಕಿರಿದಾಗುತ್ತಿತ್ತು.

1986ರಲ್ಲಿ ಲೋಹದ ಜಾಲರಿ, ಅಂದರೆ ಸ್ಟೆಂಟ್ ಬಂತು. ನಾಳ ಕುಸಿಯುವುದು ನಿಂತಿತು. ಆದರೂ ಸ್ನಾಯು ಕೋಶಗಳು ಜಾಲರಿಯ ಸಂದಿಯಲ್ಲೇ ಒಳಗೆ ಬೆಳೆದವು. 126ರ ಮನೆಯಾದ ಒಳಪದರ ಕಿತ್ತುಹೋಗಿದೆ, 145 ಇಳಿದಿದೆ, 21 ಏರಿದೆ. ಬೆಳೆಯದೇ ಇರುತ್ತಾ?

ಆಮೇಲೆ ಬಂದದ್ದು ಔಷಧ ಲೇಪಿತ ಸ್ಟೆಂಟ್. ಅದರಲ್ಲಿ ಮೊದಲು ಬಳಸಿದ ಔಷಧ ಸಿರೋಲಿಮಸ್. ಈಸ್ಟರ್ ದ್ವೀಪದ ಮಣ್ಣಿನ ಬ್ಯಾಕ್ಟೀರಿಯಾದಿಂದ ಸಿಕ್ಕಿದ್ದು. ಅದನ್ನು ಬೇರ್ಪಡಿಸುವ ಕೆಲಸದ ಹಿಂದೆ ಇದ್ದವರು ಭಾರತ ಮೂಲದ ವಿಜ್ಞಾನಿ ಸುರೇಂದ್ರನಾಥ ಸೆಹಗಲ್. ಈ ಬಗೆಯ ಔಷಧಗಳು ಕೋಶಗಳ ಬೆಳವಣಿಗೆಯನ್ನೇ ತಡೆಯುತ್ತವೆ. ಮತ್ತೆ ಕಿರಿದಾಗುವ ಪ್ರಮಾಣ ಶೇಕಡಾ 10ಕ್ಕಿಂತ ಕೆಳಗಿಳಿಯಿತು. ಈಗ ನಮ್ಮಲ್ಲಿ ಹಾಕುವ ಸ್ಟೆಂಟ್‌ಗಳು ಬಹುಪಾಲು ಔಷಧ ಲೇಪಿತವೇ. 2017ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಬೆಲೆ ಮಿತಿ ಹಾಕಿದಾಗ ಸಾದಾ ಸ್ಟೆಂಟ್‌ಗೆ 7,260 ರೂಪಾಯಿ, ಔಷಧ ಲೇಪಿತ ಸ್ಟೆಂಟ್‌ಗೆ 29,600 ರೂಪಾಯಿ ಅಂತ ನಿಗದಿ ಮಾಡಿದ್ದು ಹಲವರಿಗೆ ನೆನಪಿರಬಹುದು.

ಆದರೆ ಇಲ್ಲೊಂದು ಕೊರತೆ ಇದೆ. ಆ ಔಷಧಕ್ಕೆ ಕೋಶಗಳ ಭೇದ ಗೊತ್ತಿಲ್ಲ. ಸ್ನಾಯು ಕೋಶದ ಬೆಳವಣಿಗೆ ತಡೆಯುವಾಗಲೇ ಒಳಪದರದ ಬೆಳವಣಿಗೆಯನ್ನೂ ನಿಧಾನ ಮಾಡುತ್ತೆ. ಅಂದರೆ ಟೈಲ್ಸ್ ಮತ್ತೆ ಕೂರಲು ತಿಂಗಳುಗಟ್ಟಲೆ ಹಿಡಿಯುತ್ತೆ. ಅಲ್ಲಿಯವರೆಗೆ ರಕ್ತಕ್ಕೆ ಬರಿಯ ಲೋಹ ತಾಗುತ್ತಿರುತ್ತೆ. ಲೋಹ ಕಂಡರೆ ರಕ್ತದ ಪ್ಲೇಟ್‌ಲೆಟ್ ಕಣಗಳು ಅಂಟಿಕೊಳ್ಳುತ್ತವೆ, ಹೆಪ್ಪುಗಟ್ಟುತ್ತೆ.

ಅದಕ್ಕೇ ಆ ಎರಡು ಮಾತ್ರೆ

ಸ್ಟೆಂಟ್ ಆದ ಮೇಲೆ ಕೊಡುವ ಆಸ್ಪಿರಿನ್ ಮತ್ತು ಅದರ ಜೊತೆಗಿನ ಕ್ಲೋಪಿಡೊಗ್ರೆಲ್ ಅಥವಾ ಟಿಕಾಗ್ರೆಲಾರ್‌ನಂಥ ಮಾತ್ರೆ ಮಾಡೋದು ಇಷ್ಟೇ: ಒಳಪದರ ಬೆಳೆದು ಲೋಹವನ್ನು ಮುಚ್ಚುವ ತನಕ ಪ್ಲೇಟ್‌ಲೆಟ್‌ಗಳು ಅಲ್ಲಿ ಅಂಟಿಕೊಳ್ಳದಂತೆ ಕಾವಲು. ಆಡುಮಾತಿನಲ್ಲಿ ‘ರಕ್ತ ತೆಳು ಮಾಡೋ ಮಾತ್ರೆ’ ಅಂತೀವಿ.

ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿಸಿಕೊಂಡವರಿಗೆ ಎರಡೂ ಮಾತ್ರೆಯನ್ನು ಸಾಮಾನ್ಯವಾಗಿ ಒಂದು ವರ್ಷ, ಅಟ್ಯಾಕ್ ಇಲ್ಲದೆ ಹಾಕಿಸಿಕೊಂಡವರಿಗೆ ಸಾಮಾನ್ಯವಾಗಿ ಆರು ತಿಂಗಳು ಹೇಳುತ್ತಾರೆ. ಆಮೇಲೆ ಬಹುಪಾಲು ಜನರಿಗೆ ಒಂದು ಮಾತ್ರೆ ಮುಂದುವರಿಯುತ್ತೆ. ರಕ್ತಸ್ರಾವದ ಅಪಾಯ ಇರುವವರಿಗೆ ಅವಧಿ ಕಡಿಮೆ ಮಾಡುವುದೂ ಉಂಟು. ಯಾರಿಗೆ ಎಷ್ಟು ದಿನ ಅನ್ನೋದನ್ನು ನಿಮ್ಮ ಹೃದ್ರೋಗ ತಜ್ಞರೇ ಹೇಳಬೇಕು. ಪಕ್ಕದ ಅಂಗಡಿಯವರಿಗೆ ಆರು ತಿಂಗಳಿಗೆ ನಿಲ್ಲಿಸಿದ್ರು ಅಂತ ನೀವೂ ನಿಲ್ಲಿಸುವಂತಿಲ್ಲ.

ಅವಧಿಗೆ ಮುಂಚೆ ನಿಲ್ಲಿಸಿದರೆ ಸ್ಟೆಂಟ್ ಒಳಗೇ ದಿಢೀರ್ ಹೆಪ್ಪುಗಟ್ಟುವ ಅಪಾಯ ಇದೆ. ಎಲ್ಲರಿಗೂ ಆಗಲ್ಲ, ಆದರೆ ಆದವರಿಗೆ ಅದು ದೊಡ್ಡ ಹಾರ್ಟ್ ಅಟ್ಯಾಕ್ ಆಗಿಯೇ ಬರುತ್ತದೆ. ಜೀವಕ್ಕೇ ಕುತ್ತು. ಎದೆನೋವು ಇಲ್ಲ ಅಂದಮಾತ್ರಕ್ಕೆ ಒಳಪದರ ಬೆಳೆದಿದೆ ಅಂತ ಅರ್ಥ ಅಲ್ಲ. ಆ ಪದರ ಬೆಳೆಯೋದು ನಮಗೆ ಗೊತ್ತೂ ಆಗಲ್ಲ.

ಕೋಶದ ಗುರುತು ಹಿಡಿಯುವ ಉಪಾಯ

ಸ್ನಾಯು ಕೋಶವನ್ನು ಮಾತ್ರ ತಡೆದು, ಒಳಪದರವನ್ನು ಬೆಳೆಯಲು ಬಿಡುವ ಔಷಧ ಬಂದರೆ? ಇಲ್ಲೇ ಮೈಕ್ರೋ ಆರ್‌ಎನ್‌ಎ ಉಪಯೋಗಕ್ಕೆ ಬರೋದು.

2014ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಗಯೆಟಾನೋ ಸಾಂಟುಲ್ಲಿ ಮತ್ತು ಅವರ ಜೊತೆಗಾರರು ಇಲಿಗಳಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕೋಶದ ಬೆಳವಣಿಗೆಗೆ ಬ್ರೇಕ್ ಹಾಕುವ ಒಂದು ಜೀನನ್ನು ನಿರುಪದ್ರವಿ ವೈರಸ್ ಮೂಲಕ ಗಾಯಗೊಂಡ ನಾಳಕ್ಕೆ ಕಳಿಸಿದರು. ಆ ಜೀನಿನ ಚೀಟಿಯ ಕೊನೆಯಲ್ಲಿ 126 ಬಂದು ಅಂಟಿಕೊಳ್ಳುವಂಥ ಅಕ್ಷರಗಳನ್ನು ಸೇರಿಸಿದ್ದರು.

ಫಲಿತಾಂಶ ಏನಾಗಬಹುದು ನೀವೇ ಊಹಿಸಿ. ಸ್ನಾಯು ಕೋಶದಲ್ಲಿ 126 ಇಲ್ಲ. ಚೀಟಿ ಸಲೀಸಾಗಿ ಹೋಯ್ತು, ಬ್ರೇಕ್ ಬಿತ್ತು, ಬೆಳವಣಿಗೆ ನಿಂತಿತು. ಒಳಪದರದ ಕೋಶದಲ್ಲಿ 126 ಬೇಕಾದಷ್ಟಿದೆ. ಅದು ಚೀಟಿಯನ್ನು ಹಿಡಿದು ತಡೆಯಿತು, ಬ್ರೇಕ್ ಬೀಳಲಿಲ್ಲ, ಟೈಲ್ಸ್ ಮತ್ತೆ ಬೆಳೆದು ಕೂತಿತು. ಅಂದರೆ 126 ಇಲ್ಲಿ ಗುರುತಿನ ಚೀಟಿಯ ಹಾಗೆ ಕೆಲಸ ಮಾಡಿತು.

ಇದು ಇಲಿಗಳಲ್ಲಿ ಆಗಿದ್ದು. ಇಲಿಯಿಂದ ಮನುಷ್ಯರವರೆಗಿನ ದಾರಿ ಉದ್ದ. ಒಂದೊಂದು ಮೈಕ್ರೋ ಆರ್‌ಎನ್‌ಎ ನೂರಾರು ಚೀಟಿಗಳಿಗೆ ಕೈಹಾಕುವುದರಿಂದ ಒಂದನ್ನು ಹೆಚ್ಚು ಕಡಿಮೆ ಮಾಡಿದರೆ ಬೇರೆ ಅಂಗಗಳಲ್ಲಿ ಏನಾದೀತೋ ಅನ್ನುವ ಭಯ ಇದ್ದೇ ಇದೆ. ಕ್ಯಾನ್ಸರ್‌ಗಾಗಿ ಮನುಷ್ಯರ ಮೇಲೆ ಪರೀಕ್ಷೆಗೆ ಬಂದಿದ್ದ ಎಂಆರ್‌ಎಕ್ಸ್34 ಎಂಬ ಮೈಕ್ರೋ ಆರ್‌ಎನ್‌ಎ ಔಷಧವನ್ನು ತೀವ್ರ ಅಡ್ಡಪರಿಣಾಮಗಳಿಂದಾಗಿ 2016ರಲ್ಲಿ ನಿಲ್ಲಿಸಬೇಕಾಯಿತು.

ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತಾ?

ಮೈಕ್ರೋ ಆರ್‌ಎನ್‌ಎಗಳು ರಕ್ತದಲ್ಲೂ ಓಡಾಡುತ್ತವೆ, ಸುಲಭವಾಗಿ ಹಾಳಾಗಲ್ಲ. ಹಾಗಾಗಿ ರಕ್ತಪರೀಕ್ಷೆಯಿಂದ ಮುಂಚೆಯೇ ಕಾಯಿಲೆ ಹಿಡಿಯಬಹುದಾ ಅನ್ನೋ ಆಸೆ ಹುಟ್ಟಿತು.

ಉತ್ತರ ಇಟಲಿಯಲ್ಲಿ ಬ್ರುನೆಕ್ ಅಂತ ಒಂದು ಸಣ್ಣ ಪಟ್ಟಣ ಇದೆ. ಅಲ್ಲಿನ ಸಾಮಾನ್ಯ ಜನ ವರ್ಷಗಟ್ಟಲೆ ಒಂದು ಆರೋಗ್ಯ ಅಧ್ಯಯನಕ್ಕೆ ರಕ್ತ ಕೊಟ್ಟಿದ್ದರು. ಅವರಲ್ಲಿ 822 ಜನರ ಮಾದರಿಗಳನ್ನು ನೋಡಿದ ಲಂಡನ್ನಿನ ಕಿಂಗ್ಸ್ ಕಾಲೇಜಿನ ತಂಡ 2010ರಲ್ಲಿ ಒಂದು ಮುಖ್ಯ ವಿಷಯ ಹೇಳಿತು. ಶುಗರ್ ಕಾಯಿಲೆ ಇರುವವರ ರಕ್ತದಲ್ಲಿ 126 ಕಡಿಮೆ ಇತ್ತು. ಪ್ರಯೋಗಾಲಯದಲ್ಲಿ ಒಳಪದರದ ಕೋಶಗಳನ್ನು ಹೆಚ್ಚು ಸಕ್ಕರೆಯಲ್ಲಿ ಇಟ್ಟಾಗಲೂ ಅವು ಹೊರಬಿಡುವ 126 ಇಳಿಯಿತು. ಶುಗರ್ ಇದ್ದವರಿಗೆ ರಕ್ತನಾಳದ ತೊಂದರೆ ಯಾಕೆ ಹೆಚ್ಚು ಅನ್ನೋದಕ್ಕೆ ಇದೂ ಒಂದು ಸುಳಿವು.

ಆದರೆ ಆಮೇಲೆ ತೊಡಕು ಕಾಣಿಸಿತು. ಪ್ಲೇಟ್‌ಲೆಟ್‌ಗಳಲ್ಲೂ 126 ಇದೆ. ಆಸ್ಪಿರಿನ್ ತಗೊಳ್ಳುವವರ ರಕ್ತದಲ್ಲಿ ಅದು ಕಡಿಮೆ ಕಾಣಿಸುತ್ತೆ. ಅಂದರೆ ಇಳಿದಿದ್ದು ಕಾಯಿಲೆಯಿಂದಲೋ ಮಾತ್ರೆಯಿಂದಲೋ ಹೇಳುವುದು ಕಷ್ಟ. ಹಾಗಾಗಿ ಹೃದಯದ ಬ್ಲಾಕ್‌ಗೆ ಮೈಕ್ರೋ ಆರ್‌ಎನ್‌ಎ ಪರೀಕ್ಷೆ ಇನ್ನೂ ಆಸ್ಪತ್ರೆಯ ದಿನನಿತ್ಯದ ಪರೀಕ್ಷೆಯಾಗಿಲ್ಲ. ‘ಜೀನ್ ಲೆವೆಲ್ ಚೆಕಪ್’ ಅಂತ ಯಾರಾದರೂ ದುಬಾರಿ ಪ್ಯಾಕೇಜ್ ಹಿಡಿದು ಅಂಗಡಿಗೆ ಬಂದರೆ ದುಡ್ಡು ಕೊಡುವ ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ಬಿಪಿ, ಶುಗರ್, ಕೊಲೆಸ್ಟ್ರಾಲ್, ಇಸಿಜಿ: ಇವತ್ತಿಗೂ ಮೊದಲು ನೋಡಬೇಕಾದ್ದು ಇವೇ.

ಸ್ಟೆಂಟ್ ಹಾಕಿಸಿಕೊಂಡವರು ಗಮನಿಸಿ

• ಡಿಸ್ಚಾರ್ಜ್ ಸಮ್ಮರಿಯ ಒಂದು ಜೆರಾಕ್ಸ್ ಅಂಗಡಿಯಲ್ಲಿ, ಒಂದು ಮನೆಯಲ್ಲಿ, ಫೋಟೋ ಮೊಬೈಲಿನಲ್ಲಿ ಇರಲಿ. ಸ್ಟೆಂಟ್ ಹಾಕಿದ ತಾರೀಖು, ಎರಡು ಮಾತ್ರೆ ಎಂದಿನವರೆಗೆ ಅನ್ನೋದನ್ನು ಅದರ ಮೇಲೆ ದೊಡ್ಡದಾಗಿ ಬರೆದಿಡಿ.

• ಮಾತ್ರೆ ಮುಗಿಯುವ ನಾಲ್ಕೈದು ದಿನ ಮೊದಲೇ ತನ್ನಿ. ಜಾತ್ರೆ, ಮದುವೆ, ಮಾಲು ತರಲು ಊರಿಗೆ ಹೋಗುವಾಗ ಜೊತೆಗೆ ಇಟ್ಟುಕೊಳ್ಳಿ.

• ಖರ್ಚು ಭಾರವಾದರೆ ನಿಲ್ಲಿಸಬೇಡಿ. ಕಡಿಮೆ ಬೆಲೆಯ ಜನರಿಕ್ ಮಾತ್ರೆ ಬರೆದುಕೊಡಿ ಅಂತ ಡಾಕ್ಟರನ್ನೇ ಕೇಳಿ. ಆಸ್ಪಿರಿನ್, ಕ್ಲೋಪಿಡೊಗ್ರೆಲ್ ಜನೌಷಧಿ ಕೇಂದ್ರಗಳ ಪಟ್ಟಿಯಲ್ಲಿವೆ.

• ಹಲ್ಲು ಕೀಳಿಸಲು, ಬೇರೆ ಆಪರೇಷನ್‌ಗೆ ಹೋದಾಗ ‘ಸ್ಟೆಂಟ್ ಇದೆ, ಈ ಮಾತ್ರೆ ತಗೋತೀನಿ’ ಅಂತ ಮೊದಲೇ ಹೇಳಿ. ನಿಲ್ಲಿಸಬೇಕಾ ಬೇಡವಾ ಅನ್ನೋದನ್ನು ಹೃದ್ರೋಗ ತಜ್ಞರನ್ನು ಕೇಳಿಯೇ ತೀರ್ಮಾನಿಸಬೇಕು.

• ಮಲ ಕಪ್ಪಗೆ ಹೋದರೆ, ವಾಂತಿಯಲ್ಲಿ ರಕ್ತ ಕಂಡರೆ, ಮೂಗಿನ ರಕ್ತ ನಿಲ್ಲದಿದ್ದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಸ್ವಂತ ಬುದ್ಧಿಯಿಂದ ಮಾತ್ರೆ ಬಿಟ್ಟು ಮನೆಯಲ್ಲಿ ಕೂರಬೇಡಿ.

• ಬೀಡಿ, ಸಿಗರೇಟ್, ಗುಟ್ಕಾ ಪೂರ್ತಿ ಬಿಡಬೇಕು. ತಂಬಾಕು ನೇರವಾಗಿ ಕೆಡಿಸೋದು ಒಳಪದರವನ್ನೇ.

• ಇಡೀ ದಿನ ಗಲ್ಲಾ ಮುಂದೆ ಕೂರುವವರು ಡಾಕ್ಟರ್ ಒಪ್ಪಿದಷ್ಟು ದಿನಾ ನಡೆಯಿರಿ. ರಕ್ತ ಸಲೀಸಾಗಿ ಹರಿದಷ್ಟೂ ಒಳಪದರಕ್ಕೆ ಒಳ್ಳೇದು.

ಎದೆ ಹಿಂಡಿದ ಹಾಗಾಗಿ, ಬೆವರು ಬಂದು, ಎಡಗೈಗೋ ದವಡೆಗೋ ನೋವು ಹರಿದರೆ ‘ಗ್ಯಾಸ್ ಇರಬೇಕು’ ಅಂತ ಸೋಡಾ ಕುಡಿದು ಕಾಯಬೇಡಿ. 108ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಹೋಗಿ. ರಾಜ್ಯ ಸರ್ಕಾರದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಅಲ್ಲಿಂದಲೇ ಕಳಿಸುತ್ತಾರೆ. ಅಗತ್ಯ ಬಿದ್ದರೆ ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ.

ಮೈಕ್ರೋ ಆರ್‌ಎನ್‌ಎ ಆಧಾರದ ಸ್ಟೆಂಟ್ ಮುಂದೊಂದು ದಿನ ಬರಬಹುದು. ಅಲ್ಲಿಯವರೆಗೆ ಒಳಪದರಕ್ಕೆ ಬೆಳೆಯಲು ಸಮಯ ಕೊಡೋದು, ಆ ಸಮಯದಲ್ಲಿ ಕಾವಲು ನಿಲ್ಲೋದು ಈ ಮಾತ್ರೆಗಳೇ. ನಿಮ್ಮ ಮನೆಯಲ್ಲಿ, ಅಕ್ಕಪಕ್ಕದ ಅಂಗಡಿಯಲ್ಲಿ ಸ್ಟೆಂಟ್ ಹಾಕಿಸಿಕೊಂಡವರಿದ್ದರೆ ಇವತ್ತೇ ಒಂದು ಮಾತು ಕೇಳಿ: “ಮಾತ್ರೆ ತಗೊಂಡ್ರಾ?”